ಊಟ ಇಲ್ಲ ಅಂತ ಸೂಜಿ ಬಿಟ್ಟ ಹುಡುಗ

ಮಧುಗಿರಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಸ್ಟಾಫ್ ನರ್ಸ್. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಹಾಕಿಕೊಳ್ಳುವುದನ್ನು ಕಲಿಸುವ ಕೆಲಸ ನನ್ನದೇ. ಹೊಟ್ಟೆಯ ಮೇಲೆ ಎಲ್ಲಿ ಚುಚ್ಚಬೇಕು, ಜಾಗ ಹೇಗೆ ಬದಲಿಸಬೇಕು, ಫ್ರಿಜ್ ಇಲ್ಲದ ಮನೆಯಲ್ಲಿ ಬಾಟಲಿಯನ್ನು ಮಡಕೆಯಲ್ಲಿಟ್ಟು ಹೇಗೆ ತಂಪಾಗಿಡಬೇಕು, ಎಲ್ಲ ಹೇಳಿ ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ: “ಊಟ ಮಾಡದೆ ಸೂಜಿ ಹಾಕ್ಕೋಬೇಡಿ.” ಕಾರ್ಡಿನ ಹಿಂದೆ ಬರೆದೂ ಕೊಡುತ್ತಿದ್ದೆ. ಸೂಜಿ ಹಾಕಿಕೊಂಡು ಊಟ ಬಿಟ್ಟು, ಶುಗರ್ ಇಳಿದು ಬಿದ್ದವರನ್ನು ನೋಡಿದ್ದ ಭಯ ಅದು.

ಹದಿನೇಳು ವರ್ಷದ ಒಬ್ಬ ಹುಡುಗ ಆ ಮಾತನ್ನು ಹೇಳಿದ ಹಾಗೇ ಪಾಲಿಸಿದ. ಅವನದು ಟೈಪ್ 1. ಅಂದರೆ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ ಅನ್ನಬಹುದು. ರಾತ್ರಿ ಒಂದು ದೀರ್ಘಕಾಲದ ಸೂಜಿ, ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ನೊಂದು. ಮಳೆಗಾಲದಲ್ಲಿ ಜ್ವರ ಬಂತು, ಬಾಯಿ ಕಹಿಯಾಯಿತು, ಮುದ್ದೆ ಮುರಿಯಲಿಲ್ಲ. ಊಟ ಇಲ್ಲ ಎಂದು ಎರಡೂ ಸೂಜಿ ನಿಲ್ಲಿಸಿದ. ಎರಡನೇ ದಿನ ವಾಂತಿ, ಹೊಟ್ಟೆನೋವು. ಗ್ಯಾಸ್ಟ್ರಿಕ್ ಇರಬೇಕು ಎಂದು ಮನೆಯವರು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಕೊಟ್ಟಿದ್ದರು.

ಮೂರನೇ ದಿನ ಬೆಳಿಗ್ಗೆ ಆಟೋದಲ್ಲಿ ಕರೆತಂದಾಗ ಹುಡುಗ ಮಂಕಾಗಿದ್ದ. ಓಡಿ ಬಂದವನ ಹಾಗೆ ಆಳವಾಗಿ, ಜೋರಾಗಿ ಉಸಿರೆಳೆಯುತ್ತಿದ್ದ. ಬಾಯಿಯಿಂದ ಅತಿಯಾಗಿ ಮಾಗಿದ ಹಣ್ಣಿನ ವಾಸನೆ. ಗ್ಲುಕೋಮೀಟರ್ ಅಂಕಿಯನ್ನೇ ತೋರಿಸಲಿಲ್ಲ, ‘ಹೈ’ ಎಂದು ಬಂತು. ಡಾಕ್ಟರು ಸಲೈನ್ ಹಚ್ಚಿಸಿ 108ಕ್ಕೆ ಫೋನ್ ಮಾಡಿದರು. ತುಮಕೂರಿಗೆ ಕಳಿಸುವ ಹೊತ್ತಿಗೆ ಅವನ ತಾಯಿ ನನ್ನ ಕೈ ಹಿಡಿದು ಕೇಳಿದರು: “ಸಿಸ್ಟರ್, ನೀವೇ ಹೇಳಿದ್ರಲ್ಲ, ಊಟ ಮಾಡ್ದೆ ಸೂಜಿ ಹಾಕ್ಕೋಬಾರ್ದು ಅಂತ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗ ಉಳಿದ. ಡ್ರಿಪ್ ಮೂಲಕ ಇನ್ಸುಲಿನ್ ಕೊಟ್ಟು, ಐದು ದಿನ ಇಟ್ಟುಕೊಂಡು ಕಳಿಸಿದರು. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಉಳಿದಿದೆ.

ಆಗಿದ್ದು ಇಷ್ಟು. ಜ್ವರ ಬಂದಾಗ ದೇಹ ಅದರ ಜೊತೆ ಹೋರಾಡಲು ಕೆಲವು ಹಾರ್ಮೋನುಗಳನ್ನು ಹೆಚ್ಚು ಸುರಿಸುತ್ತದೆ. ಅವು ಲಿವರ್‌ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ಇನ್ಸುಲಿನ್ ಕೆಲಸವನ್ನೂ ತಡೆಯುತ್ತವೆ. ಹಾಗಾಗಿ ಒಂದು ತುತ್ತು ತಿನ್ನದಿದ್ದರೂ ಶುಗರ್ ಏರುತ್ತದೆ. ಇನ್ಸುಲಿನ್ ಇಲ್ಲದೆ ಆ ಸಕ್ಕರೆ ಮೈಗೆ ದಕ್ಕುವುದಿಲ್ಲ, ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬುತ್ತದೆ. ವಾಂತಿ, ಹೊಟ್ಟೆನೋವು, ಆ ಉಸಿರು, ಆ ವಾಸನೆ ಎಲ್ಲವೂ ಅದರದ್ದೇ. ನಮ್ಮಲ್ಲಿ ಜ್ವರಕ್ಕೆ ‘ಲಂಘನಂ ಪರಮೌಷಧಂ’, ಅಂದರೆ ಉಪವಾಸವೇ ದೊಡ್ಡ ಮದ್ದು, ಎನ್ನುವ ರೂಢಿ ಬೇರೆ. ನನ್ನ ಅರ್ಧ ಮಾತೂ ಅದೂ ಸೇರಿ ಹುಡುಗನನ್ನು ಆ ಸ್ಥಿತಿಗೆ ತಂದವು.

ಈಗ ನಾನು ಹೇಳುವುದು ಬೇರೆ. ರಾತ್ರಿಯ ಸೂಜಿ ಊಟಕ್ಕೆ ಹಾಕುವುದಲ್ಲ, ಉಸಿರಾಡುವುದಕ್ಕೆ ಹಾಕುವುದು ಎಂದುಕೊಳ್ಳಿ. ಟೈಪ್ 1 ಇದ್ದವರು ಅದನ್ನು ಒಂದು ದಿನವೂ ಬಿಡಬಾರದು. ಊಟದ ಸೂಜಿಯನ್ನು ತಿಂದಷ್ಟು ನೋಡಿ, ಶುಗರ್ ನೋಡಿ, ಡಾಕ್ಟರು ಹೇಳಿದಂತೆ ಹೆಚ್ಚುಕಮ್ಮಿ ಮಾಡಬೇಕು. ಕೆಲವೊಮ್ಮೆ ಜ್ವರದಲ್ಲಿ ಮಾಮೂಲಿಗಿಂತ ಹೆಚ್ಚೇ ಬೇಕಾಗುತ್ತದೆ. ಮೂರು-ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಬೇಕು, ರಾತ್ರಿಯೂ ಎದ್ದು. 250 ದಾಟಿದರೆ ಕೀಟೋನ್ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡಬೇಕು. ಪಟ್ಟಿ ನೇರಳೆಗೆ ತಿರುಗಿದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾದರೆ, ಮಂಪರು ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಕುಡಿಯುವ ವಿಷಯದಲ್ಲಿ ಜನರಿಗೆ ಬಹಳ ಗೊಂದಲ. ಶುಗರ್ ಹೆಚ್ಚಿದ್ದರೆ ನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ತಿಳಿಸಾರು. ಕಡಿಮೆಯಾಗುತ್ತಾ ಬಂದು ಊಟವೂ ಸೇರದಿದ್ದರೆ ಗಂಜಿ, ಎಳನೀರು, ಸಕ್ಕರೆ ನೀರು. “ಶುಗರ್ ಇದೆ, ಎಳನೀರು ಮುಟ್ಟಲ್ಲ” ಎಂದು ಹಟ ಹಿಡಿಯುವವರಿಗೆ ಆ ಹೊತ್ತಿನಲ್ಲಿ ಅದೇ ಔಷಧ ಎಂದು ಒತ್ತಿ ಹೇಳಬೇಕಾಗುತ್ತದೆ.

ಎಲ್ಲರಿಗೂ ಒಂದೇ ಮಾತು ಹೇಳುವ ಅಭ್ಯಾಸವನ್ನೂ ಬಿಟ್ಟೆ. 30/70 ಮಿಶ್ರಣದ ಇನ್ಸುಲಿನ್ ಹಾಕಿಕೊಳ್ಳುವವರಲ್ಲಿ ಬೇಗ ಕೆಲಸ ಮಾಡುವುದೂ ನಿಧಾನದ್ದೂ ಒಂದೇ ಬಾಟಲಿಯಲ್ಲಿ ಬೆರೆತಿರುತ್ತದೆ. ಅವರು ಊಟವಿಲ್ಲದೆ ಪೂರ್ತಿ ಡೋಸ್ ಹಾಕಿಕೊಂಡರೆ ಅಪಾಯ, ಪೂರ್ತಿ ಬಿಟ್ಟರೂ ಅಪಾಯ. ಅದಕ್ಕೇ ಕಾಯಿಲೆ ಬೀಳುವ ಮುಂಚೆಯೇ ಜ್ವರದ ದಿನದ ಡೋಸನ್ನು ಡಾಕ್ಟರ ಕೈಯಲ್ಲಿ ಬರೆಸಿಕೊಡುತ್ತೇನೆ. ಮಾತ್ರೆಯವರ ಕಥೆ ಇನ್ನೊಂದು. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಶುಗರ್ ಕುಸಿಯುತ್ತದೆ. ವಾಂತಿ-ಭೇದಿಯಲ್ಲಿ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್‌ಗಳನ್ನು ಡಾಕ್ಟರು ಸಾಮಾನ್ಯವಾಗಿ ನಿಲ್ಲಿಸಲು ಹೇಳುತ್ತಾರೆ. ಎರಡನೆಯದರಲ್ಲಿ ಶುಗರ್ ಅಷ್ಟೇನೂ ಏರದೆಯೂ ಕೀಟೋನ್ ತುಂಬಬಹುದು, ಮೀಟರ್ ನೋಡಿ ನೆಮ್ಮದಿಯಾಗಿ ಕೂರುವಂತಿಲ್ಲ.

ಮರುವರ್ಷ ಆ ಹುಡುಗನಿಗೆ ಮತ್ತೆ ಜ್ವರ ಬಂತು. ರಾತ್ರಿ ಹತ್ತಕ್ಕೆ ಫೋನ್: “ಅಕ್ಕಾ, 270 ಇದೆ. ಪಟ್ಟಿ ಬಣ್ಣ ತಿರುಗಿಲ್ಲ. ರಾತ್ರಿ ಸೂಜಿ ಹಾಕ್ಕೊಂಡಿದೀನಿ. ನೀರು ಕುಡೀತಾನೇ ಇದೀನಿ.” ಡಾಕ್ಟರನ್ನು ಕೇಳಿ ಊಟದ ಸೂಜಿ ಎಷ್ಟೆಂದು ಹೇಳಿದೆ. ಮತ್ತೆ ಶುಗರ್ ನೋಡಲು ರಾತ್ರಿ ಒಂದು ಗಂಟೆಗೆ ಅಲಾರಾಂ ಇಟ್ಟುಕೋ ಎಂದೆ. ಈ ಸಲ ಅವನು ಆಸ್ಪತ್ರೆಗೆ ಸೇರುವ ಪ್ರಮೇಯ ಬರಲಿಲ್ಲ.

ಹಳೆಯ ಕಾರ್ಡುಗಳಲ್ಲಿ ನನ್ನ ಕೈಬರಹದ ಆ ಸಾಲು ಇನ್ನೂ ಇದೆ. ಯಾರೇ ತಪಾಸಣೆಗೆ ಬಂದರೂ ಮೊದಲು ಕಾರ್ಡ್ ಇಸಿದುಕೊಂಡು ಹಿಂದೆ ತಿರುಗಿಸಿ ನೋಡುತ್ತೇನೆ. ಸಾಲು ಕಂಡರೆ ಹೊಡೆದುಹಾಕಿ, ಪಕ್ಕದಲ್ಲಿ ಹೊಸದಾಗಿ ಬರೆದು, ಅವರ ಬಾಯಲ್ಲೇ ಒಮ್ಮೆ ಹೇಳಿಸುತ್ತೇನೆ. ಹೋದ ವಾರ ಕೂಡ ಒಂದು ಸಿಕ್ಕಿತು.