ಡಾಕ್ಟ್ರಮ್ಮನ ಬಗ್ಗೆ ನಾಲ್ಕು ಮಾತು

20 ನವೆಂಬರ್ 2024, ಬುಧವಾರ ರಾತ್ರಿ
ತೀರ್ಥಹಳ್ಳಿ

ಭಾನುವಾರ ನನ್ನ ಗೆಳತಿ, ನಮ್ಮೂರ ದನದ ಡಾಕ್ಟ್ರಮ್ಮನ ಮನೆಯಲ್ಲಿ ಊಟ. ಮದುವೆಯಾಗಿ ಹತ್ತು ವರ್ಷ ಆಯ್ತಲ್ಲ. ‘ನೀನೇ ನಾಲ್ಕು ಮಾತಾಡ್ಬೇಕು ಮಾರಾಯ್ತಿ, ಒಂದನೇ ಕ್ಲಾಸಿಂದ ನೋಡಿದವಳು’ ಅಂತ ಅವಳ ಅತ್ತೆ ಸಂಜೆ ಫೋನ್ ಮಾಡಿದ್ದರು. ಹೂಂ ಅಂದೆ. ಆಗಿನಿಂದ ತಲೆಯಲ್ಲಿ ಅದೇ ಓಡ್ತಿದೆ.

ಅವಳು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೊರಟಾಗ ಊರಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ‘ಹೆಣ್ಣುಮಗಳಿಗೆ ದನದ ಡಾಕ್ಟ್ರ ಕೆಲಸ ಯಾಕೆ?’ ಅವಳು ಯಾರ ಹತ್ತಿರವೂ ವಾದ ಮಾಡಲಿಲ್ಲ. ಓದು ಮುಗಿಸಿ ಮಲೆನಾಡಿಗೇ ಕೆಲಸಕ್ಕೆ ಬಂದಳು. ಹಾಗೆ ಕೇಳಿದವರೇ ಈಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ.

ಕಳೆದ ವಾರ ಅಂಥದ್ದೊಂದು ಕರೆ ಬಂದಾಗ ನಾನು ಅಲ್ಲೇ ಇದ್ದೆ. ಜರ್ಸಿ ಹಸು, ಕರು ಹಾಕಿ ಒಂದು ದಿನ ಆಗಿತ್ತು. ಮೇಲೇಳ್ತಾ ಇಲ್ಲ. ಅವಳ ಗಂಡ, ಶಾಲೆ ಮೇಷ್ಟ್ರು, ಸುಮ್ನೆ ಎದ್ದು ಅಂಗಿ ಹಾಕಿಕೊಂಡರು. ನಾನೂ ಜೀಪು ಹತ್ತಿದೆ. ಕೊಟ್ಟಿಗೆಯಲ್ಲಿ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಕಿವಿ ಮುಟ್ಟಿ ನೋಡಿದೆ, ತಣ್ಣಗೆ. ರಕ್ತದಲ್ಲಿದ್ದ ಕ್ಯಾಲ್ಸಿಯಂ ತುಂಬಾ ಹಾಲಿಗೆ ಇಳಿದುಬಿಟ್ಟರೆ ಹೀಗಾಗುತ್ತಂತೆ. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಕತ್ತಿನ ನರಕ್ಕೆ ಸೂಜಿ ಹಾಕಿದಳು. ಬಾಟಲಿ ಹಿಡಿದು ನಿಂತವರು ಮೇಷ್ಟ್ರು. ಜೋರಾಗಿ ಬಿಟ್ಟರೆ ಹಸುವಿನ ಎದೆಬಡಿತವೇ ನಿಂತುಹೋಗಬಹುದು. ಅವಳ ಕಿವಿಯಲ್ಲಿ ಸ್ಟೆತಾಸ್ಕೋಪು, ಕಣ್ಣು ಹಸುವಿನ ಮೇಲೆ. ಬಾಯಲ್ಲಿ ಮಾತಿಲ್ಲ, ಕೈಸನ್ನೆ ಅಷ್ಟೆ. ಅವಳ ಬೆರಳು ಕೆಳಗೆ ಬಂದರೆ ಮೇಷ್ಟ್ರ ಕೈಯೂ ಅಷ್ಟೇ ಕೆಳಗೆ. ಸ್ವಲ್ಪ ಹೊತ್ತಿಗೆ ಹಸು ತೇಗಿತು, ಸಗಣಿ ಹಾಕಿತು, ಆಮೇಲೆ ಎದ್ದು ನಿಂತಿತು. ಮನೆಯ ಅಜ್ಜಿ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಇಂಥ ದಾಂಪತ್ಯವನ್ನು ನಾನು ಬೇರೆಲ್ಲೂ ನೋಡಿಲ್ಲ.

ಇವರ ಮದುವೆ ಆಗಿದ್ದು ಕುಪ್ಪಳಿಯಲ್ಲಿ, ಮಂತ್ರ ಮಾಂಗಲ್ಯ. ಕುವೆಂಪು ತಮ್ಮ ಮಗ ತೇಜಸ್ವಿಯವರಿಗೆ ಮಾಡಿಸಿದ ಸರಳ ಮದುವೆಯ ರೀತಿ. ವಾಲಗ ಇಲ್ಲ, ವರದಕ್ಷಿಣೆ ಇಲ್ಲ. ಅತ್ತೆಗೆ ಆಗ ವಿಪರೀತ ಸಿಟ್ಟು ಬಂದಿತ್ತು. ಒಬ್ಬನೇ ಮಗ, ಛತ್ರ ಬೇಡವಾ ಅಂತ. ಇವಳು ಮದುವೆಗೆ ಮೊದಲೇ ಅವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಅವರ ಪಕ್ಕ ಕೂತು ಕೆಸುವಿನ ಸೊಪ್ಪು ಸೋಸಿದಳಂತೆ. ಮದುವೆ ಸುದ್ದಿ ಎತ್ತಲೇ ಇಲ್ಲವಂತೆ. ಅದೇ ಅತ್ತೆ ಇವತ್ತು ನನಗೆ ಫೋನ್ ಮಾಡಿ ‘ನಮ್ಮ ಹುಡುಗಿ’ ಅಂದರು.

2022 ನೆನಪಾದರೆ ಈಗಲೂ ಸಂಕಟ. ರಾಜ್ಯದ ತುಂಬಾ ದನಗಳಿಗೆ ಚರ್ಮಗಂಟು ರೋಗ. ನಮ್ಮ ಮಲೆನಾಡು ಗಿಡ್ಡ ತಳಿಯ ದನಗಳನ್ನು ಬೆಳಗಾದರೆ ಗುಡ್ಡಕ್ಕೆ ಬಿಟ್ಟುಬಿಡುತ್ತಾರೆ, ಆಮೇಲೆ ಕೈಗೆ ಸಿಗಲ್ಲ. ಹಾಗಾಗಿ ಕತ್ತಲಿರುವಾಗಲೇ ಲಸಿಕೆ ಪೆಟ್ಟಿಗೆ ಹಿಡಿದು ಹೊರಡುತ್ತಿದ್ದಳು. ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತಳು. ಯಾರದೋ ಮನೆಯ ಎತ್ತು ಹೋಗಿತ್ತು. ಗಂಟಲು ಕಟ್ಟಿ ಅತ್ತಳು. ಕಾಫಿ ಕುಡಿದಳು. ಮತ್ತೆ ಇನ್ನೊಂದು ಮನೆಗೆ ಹೋದಳು.

ಇದನ್ನೆಲ್ಲ ಎಲ್ಲರೆದುರು ಹೇಳೋಕೆ ನನ್ನಿಂದ ಆಗುತ್ತಾ? ಅವಳಂತೂ ಹೊಗಳಿಕೆ ಶುರುವಾದರೆ ಎದ್ದು ಬಡಿಸೋಕೆ ಹೋಗ್ತಾಳೆ.

ಮೊನ್ನೆ ಇನ್ನೊಂದು ಮಾತು ಅಂದಳು. ಮುಂದಿನ ಸಲ ವರ್ಗಾವಣೆ ಆಗಬಹುದಂತೆ, ಬಯಲುಸೀಮೆ ಕಡೆಗಾದರೂ ಆಯ್ತಂತೆ. ಮೇಷ್ಟ್ರು ಇಲ್ಲಿ, ಅವಳು ಅಲ್ಲಿ ಅಂದರೆ ಹೇಗೆ? ಗಂಡ-ಹೆಂಡತಿ ಒಂದೇ ಕಡೆ ಇರೋ ಹಾಗೆ, ಪತಿ-ಪತ್ನಿ ಪ್ರಕರಣ ಅಂತ ಅರ್ಜಿ ಹಾಕೇ ಅಂದೆ. ‘ನೋಡೋಣ’ ಅಂತಾಳೆ. ಊರಿನವರ ಅರ್ಜಿಗಳನ್ನೆಲ್ಲ ಇವಳೇ ತುಂಬಿಸ್ತಾಳೆ, ತನ್ನದು ಮಾತ್ರ ನೋಡೋಣ! ಇಲ್ಲ, ನಾನೇ ಕೂರಿಸಿಕೊಂಡು ಬರೆಸಬೇಕು. ಅದಕ್ಕೆ ಮೇಷ್ಟ್ರ ಶಾಲೆಯಿಂದ ಒಂದು ಪತ್ರ ಬೇಕಾಗುತ್ತೆ ಅನ್ಸುತ್ತೆ, ಬೆಳಿಗ್ಗೆ ಅವರು ಸ್ಕೂಲಿಗೆ ಹೊರಡೋ ಮೊದಲೇ ಕೇಳಿ...