ಗುಲಾಬಿ ಶರಬತ್ತು: ಎಸಳು ಕುದಿಸಬೇಡಿ

ಮನೆಯಲ್ಲಿ ಮಾಡಿದ ಗುಲಾಬಿ ಶರಬತ್ತು ನೋಡಲು ಚೆನ್ನಾಗಿದ್ದೂ ಕುಡಿದರೆ ಬರೀ ಸಕ್ಕರೆ ನೀರಿನಂತಿದ್ದರೆ, ಎಸಳನ್ನು ಕುದಿಸಿದ್ದಾರೆ ಎಂದೇ ಅರ್ಥ. ಹೂವಿನ ಪರಿಮಳ ಆವಿಯ ಜೊತೆ ಹಾರಿಹೋಗುತ್ತದೆ. ಅಡುಗೆಮನೆ ಘಮಘಮಿಸಿದಷ್ಟೂ ಪಾತ್ರೆಯಲ್ಲಿ ಉಳಿಯುವುದು ಕಡಿಮೆ.

ಬೇಕಾದದ್ದು: ಬಿಡಿಸಿದ ಎಸಳು 100 ಗ್ರಾಂ, ಸಕ್ಕರೆ 900 ಗ್ರಾಂ, ನೀರು 500 ಮಿ.ಲೀ., ಸಿಟ್ರಿಕ್ ಆಮ್ಲ 10 ಗ್ರಾಂ. ಔಷಧಿ ಸಿಂಪಡಿಸದ, ಗಾಢ ಬಣ್ಣದ, ಮೂಗಿಗೆ ಹಿಡಿದಾಗಲೇ ಪರಿಮಳ ಬರುವ ಹೂವೇ ಆಗಬೇಕು. ಅಲಂಕಾರಕ್ಕೆಂದು ಮಾರುವ ಗುಲಾಬಿ ಬೇಡವೇ ಬೇಡ. ಬಿಸಿಲೇರುವ ಮುನ್ನ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಎಸಳಿನ ಬುಡದ ಬಿಳಿ ತುದಿ ಕಹಿ. ಬೇಸರವಾದರೂ ಕತ್ತರಿಸಿ ತೆಗೆಯಿರಿ. ತೊಳೆದರೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ.

100 ಗ್ರಾಂ ಸಕ್ಕರೆ ಮತ್ತು ಸಿಟ್ರಿಕ್ ಆಮ್ಲ ಸೇರಿಸಿ ಎಸಳನ್ನು ಕೈಯಲ್ಲಿ ಹಗುರವಾಗಿ ಹಿಸುಕಿ, ಮುಚ್ಚಿ ಎರಡು ಮೂರು ಗಂಟೆ ಬಿಡಿ. ಸಕ್ಕರೆ ಎಸಳಿನ ರಸ ಎಳೆಯುತ್ತದೆ, ಹುಳಿ ಬಣ್ಣವನ್ನು ಕೆಂಪಾಗಿ ನಿಲ್ಲಿಸುತ್ತದೆ. ಹುಳಿ ಕಡಿಮೆಯಾದರೆ ಅದೇ ಬಣ್ಣ ಮಂಕಾಗಿ ನೇರಳೆಗೆ ತಿರುಗುತ್ತದೆ. ಗಾಜು ಅಥವಾ ಸ್ಟೀಲ್ ಪಾತ್ರೆಯನ್ನೇ ಬಳಸಿ. ಅಲ್ಯುಮಿನಿಯಂ, ಕಬ್ಬಿಣ ಹುಳಿಗೆ ಆಗದು.

ಉಳಿದ 800 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಒಂದು ಕುದಿ ಬಂದೊಡನೆ ಇಳಿಸಿ. ಎಳೆಪಾಕ ಬೇಡ, ಆಮೇಲೆ ಬಾಟಲಿಯಲ್ಲಿ ಹರಳುಗಟ್ಟುತ್ತದೆ. ಪಾಕ 60 ಡಿಗ್ರಿಗೆ ಇಳಿದ ಮೇಲೆ, ಅಂದರೆ ಪಾತ್ರೆಯನ್ನು ಕ್ಷಣ ಮಾತ್ರ ಮುಟ್ಟಬಹುದಾದಷ್ಟು ಬಿಸಿಯಿದ್ದಾಗ, ಎಸಳಿಗೆ ಸುರಿದು ಬಿಗಿಯಾಗಿ ಮುಚ್ಚಿ. ಆರಿದ ನಂತರ ಫ್ರಿಜ್‌ನಲ್ಲಿ 24 ಗಂಟೆ ಇರಲಿ. ಇನ್ನೂ ಹೆಚ್ಚು ಬಿಟ್ಟರೆ ಪರಿಮಳ ಹೆಚ್ಚುವುದಿಲ್ಲ, ಒಗರು ಹೆಚ್ಚುತ್ತದೆ. ತೆಳು ಬಟ್ಟೆಯಲ್ಲಿ ತಾನಾಗಿ ಇಳಿಯಲು ಬಿಡಿ. ಹಿಂಡಿದರೆ ಒಂದಿಷ್ಟು ಹೆಚ್ಚು ಸಿಗುತ್ತದೆ ನಿಜ, ಜೊತೆಗೆ ಕದಡು ಮತ್ತು ಕಹಿಯೂ ಬರುತ್ತದೆ.

ಕೆಡುವುದು ಸಾಮಾನ್ಯವಾಗಿ ಬಾಟಲಿಯಿಂದ. ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒಳಗೆ ಹನಿಯೂ ಇಲ್ಲದಂತೆ ಒಣಗಿಸಿ, ಪೂರ್ತಿ ತಣಿದ ಶರಬತ್ತನ್ನೇ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಆವಿ ನೀರಾಗಿ ಮೇಲೆ ತೆಳುವಾಗಿ ನಿಲ್ಲುತ್ತದೆ; ಬೂಷ್ಟು ಶುರುವಾಗುವುದು ಅಲ್ಲೇ. ಸಿಹಿ ಜಾಸ್ತಿ ಎಂದು ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ ಬೇಗ ಹುದುಗುತ್ತದೆ. ಸಿಹಿ ಕಡಿಮೆ ಬೇಕಿದ್ದರೆ ಲೋಟಕ್ಕೆ ನೀರು ಹೆಚ್ಚು ಹಾಕಿ: ಒಂದು ಪಾಲು ಶರಬತ್ತಿಗೆ ಆರೇಳು ಪಾಲು. ಫ್ರಿಜ್‌ನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಗುಳ್ಳೆ ಎದ್ದರೆ, ಮುಚ್ಚಳ ತೆಗೆದಾಗ ಸುಯ್ಯೆಂದರೆ, ಚೆಲ್ಲಿಬಿಡಿ.

ಮಲ್ಲಿಗೆಗೂ ಇದೇ ಕ್ರಮ, ಆದರೆ ಹಿಸುಕದೆ. ದಾಸವಾಳಕ್ಕೆ ಪರಿಮಳವಿಲ್ಲದ ಕಾರಣ ಬಿಸಿನೀರಿಗೆ ಹೆದರಬೇಕಿಲ್ಲ. ತೊಟ್ಟು, ಕೇಸರ ತೆಗೆದು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸಾಕು, ಹೆಚ್ಚಾದರೆ ಲೋಳೆ ಬಿಡುತ್ತದೆ. ಕಣಗಿಲೆಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಅದರ ಹೂವು, ಎಲೆ, ಕಡ್ಡಿ ಎಲ್ಲವೂ ವಿಷ.