ಕುರುವಾಯಿ ಕಂಡವನು ಬೋರರ್ ಹುಡುಕಿದ್ದು

ನಮ್ಮದು ಪುತ್ತೂರು ಕಡೆಯ ತೆಂಗು, ಅಡಿಕೆಯ ಮನೆ. ದುಂಬಿ ಅಂದರೆ ನನಗೆ ಕುರುವಾಯಿಯೇ. ಹೆಬ್ಬೆರಳು ದಪ್ಪ, ಕರಿ ಮೈ, ಮೂತಿಯ ಮೇಲೊಂದು ಕೊಂಬು. ರಾತ್ರಿ ಜಗಲಿಯ ಲೈಟಿಗೆ ಹಾರಿ ಬಂದು ಗೋಡೆಗೆ ಟಪ್ಪೆಂದು ಬಡಿದು, ಅಂಗಾತ ಬಿದ್ದು ಕಾಲಾಡಿಸುತ್ತಿರುತ್ತದೆ. ತೆಂಗಿನ ಸುಳಿ ಕೊರೆದರೂ ಗುಟ್ಟು ಇಟ್ಟುಕೊಳ್ಳುವ ಜಾತಿಯಲ್ಲ. ತೂತಿನ ಬಾಯಲ್ಲಿ ಜಗಿದ ನಾರು ಕಾಣುತ್ತದೆ, ಆಮೇಲೆ ಬಿಚ್ಚಿಕೊಂಡ ಮಡಲಿನ ಗರಿ ಕತ್ತರಿ ಆಡಿಸಿದ ಹಾಗಿರುತ್ತದೆ. ಅಪ್ಪ ಕೊಕ್ಕೆಯ ಕಂಬಿ ಹಾಕಿ ಎಳೆದು ತೆಗೆಯುತ್ತಿದ್ದರು.

ಹೋದ ನವೆಂಬರಿನಲ್ಲಿ ಮೂಡಿಗೆರೆ ಹತ್ತಿರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ತೋಟದಲ್ಲಿ ಚಿಕ್ಕಪ್ಪ ಒಂದು ಅರೇಬಿಕಾ ಕಾಫಿ ಗಿಡ ತೋರಿಸಿ, "ಬೋರರ್ ಬಿದ್ದಿದೆ ನೋಡು" ಅಂದರು. ಬೋರರ್ ಅಂದರೆ ಕಾಂಡ ಕೊರೆಯುವ ಹುಳ. ಎಲೆ ಹಳದಿ ತಿರುಗಿ ಜೋತಿತ್ತು. ಬುಡದಿಂದ ಮೇಲಿನವರೆಗೆ ಹುಡುಕಿದೆ. ತೂತಿಲ್ಲ, ನಾರಿಲ್ಲ.

"ಕಂಬಿ ಇದ್ರೆ ಕೊಡಿ ಚಿಕ್ಕಪ್ಪ, ನಾನು ತೆಗಿತೇನೆ."

"ನಿಮ್ಮೂರಿನ ಕೊಂಬಿನ ಹುಳ ಅಲ್ಲ ಮಾರಾಯ ಇದು" ಎಂದು ನಕ್ಕು, ಕಾಂಡ ಸವರಿ ನೋಡಲು ಹೇಳಿದರು. ತೊಗಟೆಯ ಕೆಳಗೆ ಹುರಿ ಸುತ್ತಿದ ಹಾಗೆ ಉಬ್ಬು ಕೈಗೆ ಸಿಕ್ಕಿತು. ಗಿಡ ಕಿತ್ತು ಕತ್ತಿಯಲ್ಲಿ ಸೀಳಿದರು. ಒಳಗೆ ಅಂಕುಡೊಂಕು ಸುರಂಗ, ಉದ್ದಕ್ಕೂ ಮರದ ಹುಡಿ ಗಿಡಿದು ತುಂಬಿದೆ. ತುದಿಯಲ್ಲಿ ತಲೆ ಕಡೆ ಅಗಲ, ಬಾಲದ ಕಡೆ ಸಪೂರ ಇರುವ ಒಂದು ಬಿಳಿ ಹುಳ. ಇಷ್ಟಕ್ಕೆ ಇಡೀ ಗಿಡ ಹೋಗಿತ್ತು.

ನಮ್ಮ ಗೊಬ್ಬರದ ಗುಂಡಿಯಲ್ಲಿ ಇದರ ಎರಡು-ಮೂರು ಪಟ್ಟು ದೊಡ್ಡ ಹುಳಗಳು ಮೈ ಮುದುಡಿಕೊಂಡು ಮಲಗಿರುತ್ತವೆ. ಕೊಳೆತದ್ದು ತಿಂದು ಬೆಳೆಯುವ ಸಾಧುಗಳು ಅವು. ರೆಕ್ಕೆ ಬಂದ ಮೇಲೆಯೇ ಕಳ್ಳತನ. ಇಲ್ಲಿ ತಿರುವುಮುರುವು. ಹುಳವಾಗಿದ್ದಾಗ ತಿಂಗಳುಗಟ್ಟಲೆ ಕಾಂಡದೊಳಗೆ ಕೂತು ತಿಂದು ಮುಗಿಸಿ, ದುಂಬಿಯಾದ ಮೇಲೆ ಮೊಟ್ಟೆಯಿಡುವುದಷ್ಟೇ ಕೆಲಸ.

ಆ ದುಂಬಿಯೂ ಸಿಕ್ಕಿತು, ಅದೂ ನಡುಮಧ್ಯಾಹ್ನ. ಬಿಸಿಲು ಬಿದ್ದ ಕಾಂಡದ ಮೇಲೆ ಅರ್ಧ ಇಂಚಿನ ಸಪೂರ ದೇಹ, ಕಪ್ಪಿಗೆ ಬಿಳಿ ಪಟ್ಟೆ, ಇರುವೆಯ ಓಟ. ಕುರುವಾಯಿಗೆ ಕತ್ತಲೆ ಬೇಕು, ಇದಕ್ಕೆ ಬಿಸಿಲು. ಚಿಕ್ಕಪ್ಪ ಮೇಲೆ, ಕೊಂಬೆ ಸವರಿದ ನೆರಳಿನ ಮರಗಳನ್ನು ನೋಡಿ, "ಮರಗಸಿ ಜಾಸ್ತಿ ಮಾಡಿಸಿಬಿಟ್ಟೆ, ನೆರಳೇ ಉಳೀಲಿಲ್ಲ" ಎಂದು ತಮಗೇ ಹೇಳಿಕೊಂಡರು.

ಸಂಜೆಯೊಳಗೆ ಹದಿನೇಳು ಗಿಡ ಕಿತ್ತಾಯಿತು. ಒಳ್ಳೆ ಸೌದೆ, ಬಚ್ಚಲೊಲೆಗೆ ಒಟ್ಟಿಡಿ ಅಂದರು ಚಿಕ್ಕಮ್ಮ.

"ಇಡೋದಲ್ಲ, ಇವತ್ತೇ ಸುಡಬೇಕು. ಸೌದೆ ಒಳಗಿಂದ್ಲೂ ಹಾರ್ತವೆ."